ಅಶೋಕ ರಸ್ತೆಯ ಷೇರು ಬ್ರೋಕರ್ ಶಾಖೆ: ಬ್ರೋಕರೇಜ್ ಜಾಸ್ತಿ, ಆದರೂ ಬಿಟ್ಟಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬ್ರೋಕರೇಜ್, ಅಂದರೆ ಷೇರು ಕೊಂಡು ಮಾರಿಕೊಡುವುದಕ್ಕೆ ಹಿಡಿಯುವ ಕಮಿಷನ್, ಮೊಬೈಲ್ ಆ್ಯಪ್‌ಗಳಿಗಿಂತ ಜಾಸ್ತಿ. ಗಾಡಿ ನಿಲ್ಲಿಸಲು ಜಾಗವಿಲ್ಲ, ಮೆಟ್ಟಿಲು ಬೇರೆ ಕಡಿದು. ಆದರೂ ಷೇರು ಇಟ್ಟುಕೊಳ್ಳುವ ನನ್ನ ಡಿಮ್ಯಾಟ್ ಖಾತೆ ಇರುವುದು ತುಮಕೂರಿನ ಅಶೋಕ ರಸ್ತೆಯ ಈ ಶಾಖೆಯಲ್ಲೇ. ಕಾರಣ, ಶನಿವಾರ ಬೆಳಗಿನ ಓದು.

ಅವತ್ತು ಮಾರುಕಟ್ಟೆಗೆ ರಜೆ. ಏಳೆಂಟು ಜನ ಸೇರುತ್ತೇವೆ. ಮುಂಬೈ ಷೇರುಪೇಟೆ ಬಿಎಸ್‌ಇಯ ವೆಬ್‌ಸೈಟಿನಲ್ಲಿ ಬಂದ ಕಂಪನಿ ಪ್ರಕಟಣೆಗಳನ್ನು ಶಾಖೆಯ ಮೇಡಂ ಪ್ರಿಂಟ್ ತೆಗೆದು ಹಂಚುತ್ತಾರೆ. ಆಗಿರುವ ಸಂಗತಿಯ ಕೆಳಗೆ ನೀಲಿ ಗೆರೆ: ತಾರೀಖು, ಮೊತ್ತ, ಯಾರ ಜೊತೆ ಒಪ್ಪಂದ. ‘ನಿರೀಕ್ಷಿಸುತ್ತೇವೆ’, ‘ಸಾಧ್ಯತೆ ಇದೆ’ ಅಂತ ಕಂಪನಿ ಬರೆದಲ್ಲೆಲ್ಲ ಕೆಂಪು. ನಮ್ಮ ಲೆಕ್ಕಾಚಾರ ಏನಿದ್ದರೂ ಅಂಚಿನಲ್ಲಿ, ಪೆನ್ಸಿಲಿನಲ್ಲಿ. ಗೆರೆ ಎಳೆದು ಮುಗಿಯುವವರೆಗೆ ಏರುತ್ತೆ, ಬೀಳುತ್ತೆ ಅನ್ನುವ ಹಾಗಿಲ್ಲ.

ವಿಮಾನ, ಹೆಲಿಕಾಪ್ಟರ್ ತಯಾರಿಸುವ ಸರ್ಕಾರಿ ಕಂಪನಿ ಎಚ್‌ಎಎಲ್‌ನ ಹಾಳೆ ಬಂದರೆ ಗಲಾಟೆ ಜೋರು. ಗುಬ್ಬಿ ತಾಲ್ಲೂಕಿನಲ್ಲಿ ಅವರ ಹೆಲಿಕಾಪ್ಟರ್ ಕಾರ್ಖಾನೆ ಇದೆಯಲ್ಲ, ಹಾಗಾಗಿ ಅದು ಎಲ್ಲರಿಗೂ ‘ನಮ್ಮ ಕಂಪನಿ’. 2024ರ ಜೂನ್ ಪ್ರಕಟಣೆಯಲ್ಲಿ ಇದ್ದದ್ದು ಇಷ್ಟೇ: 156 ಲಘು ಯುದ್ಧ ಹೆಲಿಕಾಪ್ಟರ್‌ಗಳಿಗೆ ರಕ್ಷಣಾ ಸಚಿವಾಲಯ ಪ್ರಸ್ತಾವ ಕೇಳಿದೆ. ಒಬ್ಬರು ಆಗಲೇ ‘ಆರ್ಡರ್ ಬಂತು’ ಅಂದುಬಿಟ್ಟರು. ನಾನು ಹಾರ್ಡ್‌ವೇರ್ ಅಂಗಡಿಯವನು. ಕೊಟೇಶನ್ ಕೇಳಿದವರೆಲ್ಲ ಸಿಮೆಂಟ್ ಒಯ್ದಿದ್ದರೆ ಇಷ್ಟು ಹೊತ್ತಿಗೆ ಮೂರು ಮಹಡಿ ಕಟ್ಟಿಸಿರುತ್ತಿದ್ದೆ! ಒಪ್ಪಂದಕ್ಕೆ ಸಹಿ ಬಿದ್ದದ್ದು 2025ರ ಮಾರ್ಚ್ 28ರಂದು, ತೆರಿಗೆ ಬಿಟ್ಟು 62,700 ಕೋಟಿ ರೂಪಾಯಿಗೆ. ಆಗ ಅದೇ ಮನುಷ್ಯ, ‘ಮುಂದಿನ ಕ್ವಾರ್ಟರ್ ಲಾಭ ನೋಡ್ತಿರಿ’ ಅಂದರು. ಮೇಡಂ ಏನೂ ವಾದ ಮಾಡಲಿಲ್ಲ. ಸಚಿವಾಲಯದ ಹೇಳಿಕೆಯ ಒಂದು ಸಾಲಿಗೆ ನೀಲಿ ಗೆರೆ ಎಳೆದು ಮುಂದಿಟ್ಟರು: ಪೂರೈಕೆ ಮೂರನೇ ವರ್ಷದಿಂದ ಶುರು, ಆಮೇಲೆ ಐದು ವರ್ಷಗಳಲ್ಲಿ ಹಂಚಿಕೆ. ಲಾಭದ ಮಾತು ಪೆನ್ಸಿಲಿಗೆ ಹೋಯಿತು.

ಬೋನಸ್ ಹಾಳೆಯದೂ ಇದೇ ಕಥೆ. 1:1 ಬೋನಸ್, ಅಂದರೆ ಇರುವ ಒಂದು ಷೇರಿಗೆ ಕಂಪನಿ ಇನ್ನೊಂದು ಕೊಡುವುದು, ಪುಕ್ಕಟೆ ದುಡ್ಡು ಅಂದುಕೊಳ್ಳುವವರು ಇನ್ನೂ ಇದ್ದಾರೆ. ಷೇರು ಎರಡಾಗುತ್ತದೆ, ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅಷ್ಟೇ ಅಲ್ವಾ?

ನನ್ನ ತಕರಾರು ಇವರ ವಾಟ್ಸಾಪ್ ಗುಂಪಿನ ಮೇಲೆ. ಶನಿವಾರದ ಶಿಸ್ತು ಅಲ್ಲಿ ಒಂಚೂರೂ ಇಲ್ಲ. ಒಂದು ಕಂಪನಿಯ ಫಲಿತಾಂಶ ಬಂದ ಕೂಡಲೇ ‘ಭರ್ಜರಿ ಲಾಭ’ ಅಂತ ಮೆಸೇಜ್ ಬಿತ್ತು. ಪಿಡಿಎಫ್ ತೆರೆದರೆ, ಜಾಗ ಮಾರಿದ ಹಣವೂ ಅದರಲ್ಲೇ ಸೇರಿಕೊಂಡಿತ್ತು. ಅದನ್ನು ಕಳೆದರೆ ಲಾಭ ಹಿಂದಿನ ವರ್ಷಕ್ಕಿಂತ ಕಡಿಮೆ. ಕೇಳಿದ್ದಕ್ಕೆ ಮ್ಯಾನೇಜರ್, ‘ಅದು ಹೆಡ್ ಆಫೀಸಿಂದ ಬರುತ್ತೆ ಸಾರ್’ ಅಂದರು. ಗುಂಪನ್ನು ಮ್ಯೂಟ್ ಮಾಡಿದ್ದೇನೆ.

ಹಾಳೆಗಳು ಇಂಗ್ಲಿಷಿನಲ್ಲೇ ಇರುತ್ತವೆ. ಕೇಳಿದರೆ ಬೇಜಾರಿಲ್ಲದೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ಖಾತೆ ಇಲ್ಲದವರನ್ನೂ ಕೂರಿಸಿಕೊಳ್ಳುತ್ತಾರೆ, ಸುಮ್ನೆ ಹೋಗಿ ನೋಡಬಹುದು. ಕಾಫಿ ಮಾತ್ರ ಕೆಳಗಿನ ಹೋಟೆಲಲ್ಲೇ ಕುಡಿದು ಹತ್ತಿ.