ಹೋಟೆಲಿನ ಕೆಲಸ ಮುಗಿಸಿ ಬರುವವರ ಶಾಲೆ: ಮುಂಬಯಿಯ ಒಂದು ಕನ್ನಡ ರಾತ್ರಿ ಶಾಲೆಯ ಒಂದೂವರೆ ವರ್ಷ

ನನ್ನ ಅಕ್ಕನ ಮಗನನ್ನು ಕಳೆದ ವರ್ಷದ ಜೂನ್ ತಿಂಗಳಲ್ಲಿ ಮುಂಬಯಿಯ ಒಂದು ಕನ್ನಡ ಮಾಧ್ಯಮದ ರಾತ್ರಿ ಪ್ರೌಢಶಾಲೆಗೆ ಒಂಬತ್ತನೆಯ ತರಗತಿಗೆ ಸೇರಿಸಿದೆ. ಈಗ ಅವನು ಹತ್ತನೆಯಲ್ಲಿದ್ದಾನೆ. ಊರಿನಿಂದ ಬಂದು ಹೋಟೆಲ್, ಕ್ಯಾಂಟೀನುಗಳಲ್ಲಿ ದುಡಿಯುತ್ತಿರುವ ಹುಡುಗರನ್ನು ಮತ್ತೆ ಓದಿಸಬೇಕೆಂದು ಯೋಚಿಸುತ್ತಿರುವವರಿಗೆ ಉಪಯೋಗವಾದೀತೆಂದು ಈ ಶಾಲೆಯಲ್ಲಿ ನಾನು ಕಂಡ ಗುಣವನ್ನೂ ಕೊರತೆಯನ್ನೂ ಬರೆಯುತ್ತಿದ್ದೇನೆ. ಶಾಲೆಯ ಹೆಸರನ್ನು ಬರೆಯದಿರುವುದಕ್ಕೆ ಕಾರಣ ಹುಡುಗನೇ. ಮುಂದೆ ಹೇಳುವ ಸಂಗತಿ ಅವನದೆಂದು ಸಹಪಾಠಿಗಳಿಗೆ ತಿಳಿಯುವುದು ಅವನಿಗೆ ಇಷ್ಟವಿಲ್ಲ. ಮುಂಬಯಿಯ ಕನ್ನಡಿಗರಲ್ಲಿ ವಿಚಾರಿಸಿದರೆ ಇಂಥ ಶಾಲೆಗಳ ವಿಳಾಸ ಸಿಗುತ್ತದೆ. ಅಲ್ಲಿಗೆ ಹೋದಾಗ ಏನನ್ನು ಕೇಳಬೇಕು, ಏನನ್ನು ನೋಡಬೇಕು ಎಂಬುದು ನನಗೆ ಮೊದಲೇ ತಿಳಿದಿದ್ದರೆ ಒಳ್ಳೆಯದಿತ್ತು.

ತರಗತಿಗಳು ಸಂಜೆ ಆರೂವರೆಗೆ ಆರಂಭವಾಗಿ ಒಂಬತ್ತೂವರೆಗೆ ಮುಗಿಯುತ್ತವೆ. ಹಗಲಿನಲ್ಲಿ ಬೇರೊಂದು ಶಾಲೆ ನಡೆಯುವ ಕಟ್ಟಡವೇ ರಾತ್ರಿ ಇವರದಾಗುತ್ತದೆ. ಮೂರು ಗಂಟೆಯ ಅವಧಿ ಎಂದರೆ ಹಗಲು ಶಾಲೆಯ ಸುಮಾರು ಅರ್ಧ. ಆದರೆ ಪಠ್ಯ ಅದೇ, ಪರೀಕ್ಷೆಯೂ ಅದೇ. ಮಹಾರಾಷ್ಟ್ರದ ಪ್ರೌಢಶಿಕ್ಷಣ ಮಂಡಳಿ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲೂ ನಡೆಸುತ್ತದೆ ಮತ್ತು ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕಗಳನ್ನು ಹೊರತರುತ್ತದೆ ಎಂಬುದು ಊರಿನಲ್ಲಿರುವ ಅನೇಕರಿಗೆ ತಿಳಿದಿಲ್ಲ. ನನ್ನ ಅಕ್ಕನಿಗೂ ತಿಳಿದಿರಲಿಲ್ಲ. ಮುಂಬಯಿಗೆ ಹೋದ ಮೇಲೆ ಕನ್ನಡದಲ್ಲಿ ಓದುವುದು ಮುಗಿದ ಕಥೆ ಎಂದೇ ಅವಳು ಭಾವಿಸಿದ್ದಳು. ಕಳೆದ ಶತಮಾನದಲ್ಲಿ ಮುಂಬಯಿಯ ಕೋಟೆ (ಫೋರ್ಟ್) ಭಾಗದ ಹೋಟೆಲುಗಳಲ್ಲಿ ಹಗಲು ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಬ್ಯಾಂಕು, ಕಚೇರಿ, ನ್ಯಾಯಾಲಯಗಳಲ್ಲಿ ನೆಲೆ ಕಂಡ ನಮ್ಮ ಕರಾವಳಿಯ ಹಿರಿಯರ ಮಾತುಗಳನ್ನು ಕೇಳುತ್ತ ಬೆಳೆದವನು ನಾನು. ಆದುದರಿಂದ ಹುಡುಗ ಹದಿನೆಂಟು ತುಂಬಿ ಬೈಂದೂರಿನ ಕಡೆಯಿಂದ ಹೋಟೆಲ್ ಕೆಲಸಕ್ಕೆಂದು ಬಂದಾಗ ನನಗೆ ಮೊದಲು ನೆನಪಾದದ್ದು ರಾತ್ರಿ ಶಾಲೆಯೇ.

ಸೇರಿಸುವಾಗ ಊರಿನ ಶಾಲೆಯ ವರ್ಗಾವಣೆ ಪತ್ರವನ್ನು ಕೇಳಿದರು. ಅದು ಬೇರೆ ರಾಜ್ಯದ್ದಾದುದರಿಂದ ಅಲ್ಲಿನ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕೆಂದರು. ಅದಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರವೂ ಅವನನ್ನು ತರಗತಿಯಲ್ಲಿ ಕೂರಲು ಬಿಟ್ಟದ್ದನ್ನು ನಾನು ಮರೆಯುವುದಿಲ್ಲ.

ಕೊರತೆಗಳು ಇವೆ. ವಿಜ್ಞಾನದ ಪ್ರಯೋಗಗಳನ್ನು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸುತ್ತಾರೆಯೇ ಹೊರತು ಹುಡುಗರ ಕೈಯಲ್ಲಿ ಮಾಡಿಸುವುದು ಅಪರೂಪ, ಏಕೆಂದರೆ ಹಗಲು ಶಾಲೆಯ ಪ್ರಯೋಗಾಲಯದ ಬೀಗದ ಕೈ ಇವರಿಗೆ ಸಿಗುವುದಿಲ್ಲ. ಎರಡು ಟ್ಯೂಬ್‌ಲೈಟುಗಳಲ್ಲಿ ಒಂದು ಉರಿಯದ ಕೋಣೆಯಲ್ಲಿ ಒಂದು ತಿಂಗಳು ತರಗತಿ ನಡೆಯಿತು. ಗಣಿತದ ಶಿಕ್ಷಕರ ಹುದ್ದೆ ಮೊದಲ ವರ್ಷದ ಅರ್ಧದವರೆಗೆ ಖಾಲಿ ಇತ್ತು. ಹಗಲು ಶಾಲೆಯಲ್ಲಿ ಕೆಲಸದಲ್ಲಿರುವವರು ರಾತ್ರಿ ಶಾಲೆಯಲ್ಲೂ ಪಾಠ ಮಾಡುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ 2017ರಲ್ಲಿ ನಿಲ್ಲಿಸಿದಾಗ ಅನೇಕ ಅನುಭವಿ ಶಿಕ್ಷಕರು ಒಮ್ಮೆಲೇ ಹೊರಗಾದರು. ಕನ್ನಡದಲ್ಲಿ ಗಣಿತ, ವಿಜ್ಞಾನ ಹೇಳಿಕೊಡಬಲ್ಲವರು ಮುಂಬಯಿಯಲ್ಲಿ ಮೊದಲೇ ವಿರಳವಾದುದರಿಂದ ಅಂಥ ಜಾಗ ಬೇಗ ತುಂಬುವುದಿಲ್ಲವೆಂದು ನನ್ನ ಊಹೆ. ಗಣಿತದಲ್ಲಿ ಬಲ ಬೇಕಾದವರು ಭಾನುವಾರಕ್ಕೆ ಬೇರೆ ಏರ್ಪಾಡು ಮಾಡಿಕೊಳ್ಳುವುದು ಒಳ್ಳೆಯದು.

ಇಷ್ಟು ಕೊರತೆಗಳ ನಡುವೆಯೂ ನಾನು ಈ ಶಾಲೆಯನ್ನು ಇನ್ನೊಬ್ಬರಿಗೆ ಹೇಳಲು ಕಾರಣ ಒಂಬತ್ತನೆಯ ತರಗತಿಯ ಆಗಿನ ವರ್ಗಶಿಕ್ಷಕಿ. ಅವರು ಮಾಡಿದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಮ್ಮ ಹುಡುಗ ಮಾತು ಕಡಿಮೆಯವನು. ಅವನ ಮೌನ ಮೊಂಡುತನದ್ದಲ್ಲ, ಕೇಳಿದರೆ ಎದುರಿನವರಿಗೆ ತೊಂದರೆಯಾದೀತೆಂಬ ಸಂಕೋಚದ್ದು. ಅವನು ಮೊದಲು ಕೆಲಸಕ್ಕಿದ್ದ ಹೋಟೆಲಿನಿಂದ ಶಾಲೆಗೆ ನಡೆದೇ ಹೋಗಬಹುದಿತ್ತು. ಗಣೇಶ ಚೌತಿಯ ನಂತರ ಧಣಿಗಳು ಅವನನ್ನು ಥಾಣೆಯ ತಮ್ಮ ಇನ್ನೊಂದು ಹೋಟೆಲಿಗೆ ಕಳುಹಿಸಿದರು. ಸಂಜೆ ಐದಕ್ಕೆ ಬಿಡುವ ಮಾತನ್ನು ಅಲ್ಲಿಯೂ ಉಳಿಸಿಕೊಂಡರು. ಅಲ್ಲಿಂದ ಅವನು ಲೋಕಲ್ ರೈಲಿನಲ್ಲಿ ಶಾಲೆಗೆ ಬರತೊಡಗಿದ. ದೀಪಾವಳಿ ರಜೆ ಮುಗಿದ ಕೆಲವು ದಿನಗಳ ನಂತರ, ಯಾರಿಗೂ ಒಂದು ಮಾತು ಹೇಳದೆ, ಶಾಲೆಗೆ ಬರುವುದನ್ನು ನಿಲ್ಲಿಸಿಬಿಟ್ಟ. ಧಣಿಗಳು ಅವನು ಶಾಲೆಗೆ ಹೋಗುತ್ತಿದ್ದಾನೆಂದು ತಿಳಿದಿದ್ದರು. ಡೊಂಬಿವಲಿಯಲ್ಲಿರುವ ನಾನೂ ಹಾಗೆಯೇ ತಿಳಿದಿದ್ದೆ. ಅವನು ಮಾತ್ರ ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಐದಕ್ಕೆ ಹೊರಟು, ಥಾಣೆಯ ತಲಾವ್ ಪಾಳಿಯಲ್ಲಿ ಕೆರೆಯ ಕಟ್ಟೆಯ ಮೇಲೆ ರಾತ್ರಿ ಹತ್ತರವರೆಗೆ ಕುಳಿತಿದ್ದು ವಾಪಸಾಗುತ್ತಿದ್ದ. ಹೀಗೆ ಹನ್ನೊಂದು ಸಂಜೆಗಳು ಕಳೆದವು.

ಮೂರನೆಯ ದಿನವೇ ಟೀಚರ್ ನನಗೆ ಫೋನ್ ಮಾಡಲು ಪ್ರಯತ್ನಿಸಿದ್ದರು. ಆಗಸ್ಟ್ ತಿಂಗಳಲ್ಲಿ ನನ್ನ ನಂಬರು ಬದಲಾದಾಗ ಕಚೇರಿಗೆ ಹೋಗಿ ಹೊಸದನ್ನು ಬರೆದುಕೊಟ್ಟಿದ್ದೆ. ಅದು ಒಂದು ಚೀಟಿಯಲ್ಲೇ ಉಳಿದು ದಾಖಲೆ ಪುಸ್ತಕಕ್ಕೆ ಏರಿರಲಿಲ್ಲ. ಇದು ಕಚೇರಿಯ ದೊಡ್ಡ ತಪ್ಪು. ಆ ಒಂದು ನಂಬರು ಸರಿಯಾಗಿದ್ದಿದ್ದರೆ ಹನ್ನೊಂದು ದಿನ ಮೂರು ದಿನದಲ್ಲೇ ನಿಲ್ಲುತ್ತಿತ್ತು. ಹುಡುಗನ ಫೋನ್ ಸಂಜೆಯ ಹೊತ್ತು ಬಂದ್ ಇರುತ್ತಿತ್ತು. ಅಲ್ಲಿಗೆ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಹಾಕುತ್ತ ಹೋಗಿ, ತಿಂಗಳ ಕೊನೆಗೆ ಶಾಲೆ ಬಿಟ್ಟವನೆಂದು ಬರೆದಿದ್ದರೂ ಯಾರೂ ಅವರನ್ನು ದೂರುವಂತಿರಲಿಲ್ಲ. ಕೆಲಸ ಬದಲಾಗಿ, ಊರಿಗೆ ಹೋಗಿ, ಪಾಳಿ ಬದಲಾಗಿ ಹುಡುಗರು ಬಿಟ್ಟುಹೋಗುವುದು ರಾತ್ರಿ ಶಾಲೆಯಲ್ಲಿ ನಿತ್ಯದ ಮಾತು.

ಅವರು ಹಾಗೆ ಮಾಡಲಿಲ್ಲ. ಹಳೆಯ ಹೋಟೆಲಿನಲ್ಲಿ ತಟ್ಟೆ ತೆಗೆಯುವ ಸಹಪಾಠಿಯೊಬ್ಬನಿಂದ ಥಾಣೆಯ ವಿಳಾಸ ಕೇಳಿಕೊಂಡು, ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ, ಎಂದರೆ ಊಟದ ಗಿರಾಕಿಗಳು ಹೋಗಿ ಸಂಜೆಯ ತಿಂಡಿಯವರು ಇನ್ನೂ ಬಾರದ ಹೊತ್ತಿಗೆ, ಹೋಟೆಲಿಗೆ ಬಂದು ಒಂದು ಮೂಲೆಯ ಮೇಜಿನಲ್ಲಿ ಕುಳಿತು ಚಹಾ ತರಿಸಿಕೊಂಡರು. ಗಲ್ಲೆಯಲ್ಲಿದ್ದ ಧಣಿಗಳು ಪರಿಚಯ ಕೇಳಿದಾಗ, "ನಾನು ಅವನ ಟೀಚರ್, ಈ ಕಡೆ ಬಂದಿದ್ದೆ, ಗಣಿತದ ನೋಟ್ಸ್ ಕೊಟ್ಟು ಹೋಗೋಣ ಅಂತ ಬಂದೆ" ಎಂದರಂತೆ. ಶಾಲೆಗೆ ಬರುತ್ತಿಲ್ಲವೆಂಬ ಮಾತನ್ನು ಎತ್ತಲೇ ಇಲ್ಲ. ಇದರ ಬೆಲೆ ನನಗೆ ತಿಳಿದದ್ದು ಆಮೇಲೆ. ಶಾಲೆಗೆಂದು ಐದಕ್ಕೆ ಬಿಟ್ಟ ಹುಡುಗ ಶಾಲೆಗೆ ಹೋಗುತ್ತಿಲ್ಲವೆಂದು ಗಲ್ಲೆಯ ಮುಂದೆ ಒಂದು ಮಾತು ಬಂದಿದ್ದರೆ ಆ ಬಿಡುವು ಅಂದೇ ನಿಂತುಹೋಗುತ್ತಿತ್ತು, ಬಹುಶಃ ಕೆಲಸವೂ. ಹುಡುಗ ಎದುರಿಗೆ ಬಂದು ನಿಂತಾಗ ಏಕೆ ಬರಲಿಲ್ಲವೆಂದೂ ಕೇಳಲಿಲ್ಲ. ತಪ್ಪಿಹೋದ ಪಾಠಗಳನ್ನು ತಮ್ಮ ಕೈಬರಹದಲ್ಲೇ ಬರೆದಿದ್ದ ಇನ್ನೂರು ಪುಟದ ನೋಟ್ಬುಕ್ಕನ್ನು ಕೊಟ್ಟು, "ನಿನ್ನ ಜಾಗ ಹಾಗೇ ಉಂಟು ಮಗಾ, ಎರಡನೇ ಬೆಂಚು" ಎಂದಷ್ಟೇ ಹೇಳಿ, ಚಹಾದ ದುಡ್ಡು ಕೊಟ್ಟು ಹೊರಟುಹೋದರು.

ಮರುದಿನ ಅವನು ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಮೂರನೆಯ ಸಂಜೆ ಹೋಗಿ ತರಗತಿಯ ಹೊರಗೆ ನಿಂತ. ಅವರು ಪಾಠ ನಿಲ್ಲಿಸದೆ ಕೈಸನ್ನೆಯಲ್ಲಿ ಕರೆದು ಕೂರಿಸಿದರು. ನಿಜವಾದ ಕಾರಣ ಹೊರಬರಲು ಇನ್ನೂ ಒಂದು ವಾರ ಬೇಕಾಯಿತು, ಅದೂ ಬಾಯಿಂದಲ್ಲ. ತರಗತಿ ಮುಗಿದ ಮೇಲೆ ಎಲ್ಲರೂ ಹೋಗುವವರೆಗೆ ನಿಂತಿದ್ದು, ಕಿಸೆಯಿಂದ ನಾಲ್ಕು ಮಡಿಕೆಯ ಒಂದು ಕಾಗದವನ್ನು ತೆಗೆದು ಅವರ ಮೇಜಿನ ಮೇಲೆ ಇಟ್ಟನಂತೆ. ಅದು ರೈಲ್ವೆಯ ದಂಡದ ರಸೀದಿ.

ಒಂದು ಸಂಜೆ ಥಾಣೆಯಲ್ಲಿ ಟಿಕೆಟ್ ಕಿಟಕಿಯ ಸಾಲು ಉದ್ದವಿದ್ದುದರಿಂದ, ತಡವಾಗುತ್ತದೆಂದು ಟಿಕೆಟಿಲ್ಲದೆ ರೈಲು ಹತ್ತಿದ್ದ. ಇಳಿದ ನಿಲ್ದಾಣದ ಸೇತುವೆಯ ಮೇಲೆ ತಪಾಸಣೆಯವರು ಹಿಡಿದರು. ಟಿಕೆಟಿಲ್ಲದ ಪ್ರಯಾಣಕ್ಕೆ ಕನಿಷ್ಠ ದಂಡ 250 ರೂಪಾಯಿ, ಅದರ ಮೇಲೆ ಪ್ರಯಾಣದ ದರ. ಅವನು ಅದನ್ನು ತಾಯಿಗೆ ಕಳುಹಿಸಲು ಇಟ್ಟಿದ್ದ ಹಣದಿಂದ ಕಟ್ಟಿದ. ಅವರು ಹಿಂದಿಯಲ್ಲೂ ಮರಾಠಿಯಲ್ಲೂ ಗದರಿದ ಮಾತುಗಳಲ್ಲಿ ಅವನಿಗೆ ಅರ್ಥವಾದದ್ದು "ಜೇಲ್" ಎಂಬ ಒಂದು ಶಬ್ದ ಮಾತ್ರ. ರಸೀದಿಯಲ್ಲಿ ತನ್ನ ಹೆಸರು ಬರೆದಿರುವುದನ್ನು ಕಂಡು, ತನ್ನ ಮೇಲೆ ಕೇಸು ದಾಖಲಾಗಿದೆ, ಆ ನಿಲ್ದಾಣದಲ್ಲಿ ಮತ್ತೆ ಕಾಣಿಸಿಕೊಂಡರೆ ಹಿಡಿದುಕೊಂಡು ಹೋಗುತ್ತಾರೆ ಎಂದು ನಂಬಿಬಿಟ್ಟ. ನನಗೆ ಹೇಳಿದರೆ ಊರಿಗೆ ಸುದ್ದಿ ಹೋಗುತ್ತದೆಂಬ ಭಯ. ಹಾಗಾಗಿ ಆ ನಿಲ್ದಾಣದಲ್ಲಿ ಇಳಿಯುವುದನ್ನೇ ಬಿಟ್ಟ, ಅದರೊಂದಿಗೆ ಶಾಲೆಯೂ ಹೋಯಿತು.

ಟೀಚರ್ ಆ ರಸೀದಿಯ ಒಂದೊಂದು ಸಾಲನ್ನೂ ಓದಿ ಕನ್ನಡದಲ್ಲಿ ಅರ್ಥ ಹೇಳಿದರು. ದಂಡ ಕಟ್ಟಿದಲ್ಲಿಗೆ ವಿಷಯ ಮುಗಿದಿದೆ, ಈ ಕಾಗದ ಮುಗಿದದ್ದಕ್ಕೆ ಸಾಕ್ಷಿಯೇ ಹೊರತು ಮುಂದಿನ ಕೇಸಿಗಲ್ಲ ಎಂದು ತಿಳಿಸಿದರು. ಅಂದು ರಾತ್ರಿ ಅವನ ಜೊತೆಯಲ್ಲೇ ನಿಲ್ದಾಣದವರೆಗೆ ನಡೆದು, ಅವನು ಹೆದರುತ್ತಿದ್ದ ಅದೇ ಸೇತುವೆಯನ್ನು ದಾಟಿಸಿ ರೈಲು ಹತ್ತಿಸಿದರು. ಮರುದಿನ ಕಚೇರಿಯಿಂದ ರೈಲ್ವೆ ರಿಯಾಯಿತಿಯ ಫಾರ್ಮ್ ಬರೆಸಿಕೊಟ್ಟರು. ವಿದ್ಯಾರ್ಥಿಯೆಂದು ಶಾಲೆ ಸಹಿ ಮಾಡಿದ ಆ ಫಾರ್ಮನ್ನು ಕಿಟಕಿಯಲ್ಲಿ ಕೊಟ್ಟರೆ ಮಾಸಿಕ ಪಾಸ್ ರಿಯಾಯಿತಿಯಲ್ಲಿ ಸಿಗುತ್ತದೆ. ರಾತ್ರಿ ಶಾಲೆಯ ಹುಡುಗನೂ ವಿದ್ಯಾರ್ಥಿಯೇ. ಎರಡು ತಿಂಗಳಿನಿಂದ ಅವನು ದಿನವೂ ಸಾಲಿನಲ್ಲಿ ನಿಂತು ಪೂರ್ಣ ದರದ ಟಿಕೆಟ್ ಕೊಳ್ಳುತ್ತಿದ್ದ. ಇಂಥ ಫಾರ್ಮ್ ಇದೆಯೆಂದು ಕಚೇರಿಯವರು ತಾವಾಗಿ ಹೇಳಿರಲಿಲ್ಲ, ಅವನು ಕೇಳುವವನಲ್ಲ, ಮತ್ತು ಇಪ್ಪತ್ತು ವರ್ಷದಿಂದ ಡೊಂಬಿವಲಿಯಿಂದ ಪಾಸಿನಲ್ಲಿ ಓಡಾಡುವ ನನಗೂ ಅದು ಹೊಳೆಯಲಿಲ್ಲ. ಈ ಮೂರನೆಯದು ನನ್ನನ್ನು ಈಗಲೂ ನೋಯಿಸುತ್ತದೆ.

ಇದೆಲ್ಲ ನನಗೆ ಗೊತ್ತಾದದ್ದು ಡಿಸೆಂಬರಿನಲ್ಲಿ, ಹುಡುಗನ ಒಪ್ಪಿಗೆ ಕೇಳಿಯೇ ಅವರು ನನ್ನನ್ನು ಕರೆಸಿ ಹೇಳಿದಾಗ. ಬಯ್ಯಬಾರದೆಂದು ಮೊದಲೇ ಮಾತು ತೆಗೆದುಕೊಂಡಿದ್ದರು. "ಅವನು ಸುಳ್ಳು ಹೇಳಲಿಲ್ಲ, ಹೇಳುವುದಕ್ಕೆ ಜಾಗ ಸಿಗಲಿಲ್ಲ" ಎಂದರು. ನಾನು ಬಯ್ಯಲಿಲ್ಲ, ವಾರಕ್ಕೊಮ್ಮೆ ಫೋನಿನಲ್ಲಿ "ಶಾಲೆ ಹೇಗುಂಟು" ಎಂದು ಕೇಳಿ, "ಅಡ್ಡಿಲ್ಲೆ ಮಾವ" ಎಂಬ ಉತ್ತರಕ್ಕೆ ತೃಪ್ತನಾಗಿದ್ದವನಿಗೆ ಬಯ್ಯುವ ಅಧಿಕಾರವೂ ಇರಲಿಲ್ಲ.

ಅವರು ಕಲಿಸುವುದು ಮರಾಠಿ. ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ 2020ರ ಕಾನೂನಿನಂತೆ ಮರಾಠಿ ಕಡ್ಡಾಯವಾಗಿದೆ, ಮತ್ತು ಕರ್ನಾಟಕದಿಂದ ನೇರವಾಗಿ ಬಂದ ಹುಡುಗರಿಗೆ ಅದೇ ಅತ್ಯಂತ ಕಠಿಣ ವಿಷಯ. ಆ ಡಿಸೆಂಬರಿನಿಂದ ಅವರು ವಾರದಲ್ಲಿ ಒಂದು ಅವಧಿಯನ್ನು ಕಿಸೆಯ ಕಾಗದಗಳಿಗೆಂದೇ ಮೀಸಲಿಟ್ಟಿದ್ದಾರೆ: ರೈಲಿನ ಟಿಕೆಟು, ಬ್ಯಾಂಕಿನ ಚಲನ್, ಆಸ್ಪತ್ರೆಯ ಕೇಸ್ ಪೇಪರ್, ಯಾರಿಗೆ ಯಾವುದು ಓದಲು ಬರುವುದಿಲ್ಲವೋ ಅದನ್ನು ತಂದು ಮೇಜಿನ ಮೇಲಿಟ್ಟರೆ, ಯಾರದೆಂದು ಹೇಳದೆ ಎಲ್ಲರೂ ಕೂಡಿ ಓದುತ್ತಾರೆ. ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ. ನನ್ನ ದೃಷ್ಟಿಯಲ್ಲಿ ಆ ಶಾಲೆಯ ಅತ್ಯುತ್ತಮ ಪಾಠ ಇದು. ಆದರೆ ಇದು ಶಾಲೆಯ ಪದ್ಧತಿಯಲ್ಲ, ಒಬ್ಬರ ಮನಸ್ಸಿನಿಂದ ನಡೆಯುತ್ತಿರುವುದು ಎಂಬುದನ್ನು ಓದುಗರಿಗೆ ಹೇಳಲೇಬೇಕು. ಮೂರು ದಿನ ಬಾರದ ಹುಡುಗನನ್ನು ವಿಚಾರಿಸುವ ಹೊಣೆ ಯಾರದೆಂದು ಅಲ್ಲಿ ಬರೆದಿಟ್ಟಿಲ್ಲ. ನಾನು ಮುಖ್ಯಾಧ್ಯಾಪಕರಿಗೆ ಈ ಬಗ್ಗೆ ಪತ್ರ ಕೊಟ್ಟೆ. ಅವರು ಒಪ್ಪಿಕೊಂಡು, ಈ ಜೂನ್‌ನಿಂದ ಪ್ರತಿ ತರಗತಿಗೂ ಒಂದು ದೂರವಾಣಿ ಪುಸ್ತಕ ಇಟ್ಟಿದ್ದಾರೆ. ರಿಯಾಯಿತಿ ಫಾರ್ಮಿನ ಸೂಚನೆಯನ್ನೂ ಕಚೇರಿಯ ಬಾಗಿಲಿಗೆ ಕನ್ನಡದಲ್ಲಿ ಅಂಟಿಸಿದ್ದಾರೆ.

ಹದಿನೆಂಟು ತುಂಬದವರನ್ನು ಸೇರಿಸುವವರಿಗೆ ಒಂದು ಮಾತು. ಹದಿನಾಲ್ಕರಿಂದ ಹದಿನೆಂಟರೊಳಗಿನವರನ್ನು ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ದುಡಿಸುವಂತಿಲ್ಲ, ದಿನಕ್ಕೆ ವಿರಾಮವೂ ಸೇರಿ ಆರು ಗಂಟೆ ಮೀರುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಶಾಲೆಯ ಹೊತ್ತಿಗೆ ಬಿಡುವುದನ್ನು ಧಣಿಗಳ ಉಪಕಾರವೆಂದು ತಿಳಿದು ತಲೆತಗ್ಗಿಸಬೇಕಾಗಿಲ್ಲ.

ಪ್ರವೇಶ ಜೂನ್ ತಿಂಗಳಲ್ಲಿ. ಕಚೇರಿ ಸಂಜೆ ಆರಕ್ಕೆ ಮೊದಲು ತೆರೆಯುವುದಿಲ್ಲ. ವರ್ಗಾವಣೆ ಪತ್ರಕ್ಕೆ ಊರಿನಲ್ಲೇ ಮೇಲುಸಹಿ ಮಾಡಿಸಿ ತನ್ನಿ, ರೈಲಿನಲ್ಲಿ ಬರುವ ಹುಡುಗನಾದರೆ ಮೊದಲ ದಿನವೇ ರಿಯಾಯಿತಿ ಫಾರ್ಮ್ ಕೇಳಿ, ನಿಮ್ಮದೂ ಇನ್ನೊಬ್ಬ ಹತ್ತಿರದವರದೂ ಎರಡು ಫೋನ್ ನಂಬರುಗಳನ್ನು ನಿಮ್ಮ ಕಣ್ಣೆದುರಿಗೇ ದಾಖಲೆ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಒಮ್ಮೆ ಓದಿ ನೋಡಿ ಬನ್ನಿ.