ನೇತ್ರಾಣಿಯ ರೆಗ್ಯುಲೇಟರ್ ಹಿಡಿದು ತಣ್ಣೀರಿಗೆ ಇಳೀಬೇಡಿ

ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಇನ್ನೂರಕ್ಕೂ ಜಾಸ್ತಿ ಸಲ ಡೈವ್ ಮಾಡಿದವನು ನಾನು. ಅದೇ ಜಂಬದಲ್ಲಿ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋಗೆ ಹೋದೆ. 1919ರ ಜೂನ್ 21ರಂದು ಜರ್ಮನಿಯ ನಾವಿಕರು ತಮ್ಮದೇ 52 ಹಡಗುಗಳನ್ನು ಬೇಕಂತಲೇ ಮುಳುಗಿಸಿದ ಜಾಗ ಅದು. ಹೆಚ್ಚಿನವನ್ನು ಆಮೇಲೆ ಗುಜರಿಗೆ ಎತ್ತಿದ್ದಾರೆ. ನಾವು ನೋಡಲು ಇಳಿದದ್ದು ಕ್ಯೋಲ್ನ್ ಅನ್ನೋ ಕ್ರೂಸರ್, ಸುಮಾರು 36 ಮೀಟರ್ ಆಳದಲ್ಲಿ ಬಲಮಗ್ಗುಲಿಗೆ ಮಲಗಿದೆ.

ಹೊರಡುವ ಮೊದಲು, ನನ್ನ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ಸಾಧನ) ಸರ್ವಿಸ್ ಮಾಡಿದ ಅಂಗಡಿಯವರನ್ನು ಕೇಳಿದ್ದೆ, ಇದು ತಣ್ಣೀರಿಗೆ ಆಗ್ತದಾ ಅಂತ. "ಆರಾಮ ನಡೀತದೆ ಸರ್" ಅಂದರು. ನಂಬಿದೆ.

ನಮ್ಮಲ್ಲಿ ನೀರು 28 ಡಿಗ್ರಿ ಇರ್ತದೆ, ಅಲ್ಲಿ 8. ದಪ್ಪ ಕೈಗವಸು ಇದ್ದರೂ ಐಸ್ ಪೆಟ್ಟಿಗೆಯಿಂದ ಬಂಗಡೆ ಹೆಕ್ಕಿದವರ ಹಾಗೆ ಬೆರಳು ಮರಗಟ್ಟಿತ್ತು. ಹಡಗಿನ ಪಕ್ಕ ತಲುಪಿ ಏದುಸಿರು ಬಿಡ್ತಾ ಇದ್ದೆ, ನೀರು ಒಳಗೆ ಬಿಡದ ಡ್ರೈಸೂಟ್ ಬಿಗಿಯಾಯ್ತು ಅಂತ ಅದೇ ಸಿಲಿಂಡರಿನಿಂದ ಅದಕ್ಕೂ ಗಾಳಿ ತುಂಬಿದೆ. ಅಷ್ಟೇ. ಬಾಯಲ್ಲಿದ್ದ ರೆಗ್ಯುಲೇಟರ್ ಭುಸ್ ಅಂತ ಗಾಳಿ ಕಾರೋಕೆ ಶುರು ಮಾಡಿತು, ನಿಲ್ಲಲೇ ಇಲ್ಲ, ಕಣ್ಣ ಮುಂದೆ ಬರೀ ಗುಳ್ಳೆ. ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸೋ ಗೇಜ್ ನೋಡಿದರೆ 140 ಬಾರ್, ಇನ್ನೊಮ್ಮೆ ನೋಡುವಷ್ಟರಲ್ಲಿ 90. ಜೊತೆಗಿದ್ದ ಸ್ನೇಹಿತ ಅವನ ಆಕ್ಟೋಪಸ್ (ಇನ್ನೊಬ್ಬರಿಗೆ ಕೊಡೋಕೆ ಇಟ್ಟುಕೊಳ್ಳುವ ಎರಡನೇ ಬಾಯಿ ತುಂಡು) ನನ್ನ ಬಾಯಿಗೆ ತುರುಕಿ, ನನ್ನ ಸಿಲಿಂಡರ್ ವಾಲ್ವ್ ಮುಚ್ಚಿದ. ಇಬ್ಬರೂ ಹಗ್ಗ ಹಿಡಿದು ಮೇಲೆ ಬಂದೆವು. ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಹೋಗಲಿ ಅಂತ ಆರು ಮೀಟರಿನಲ್ಲಿ ನಿಂತ ಮೂರು ನಿಮಿಷ ಇದ್ಯಲ್ಲ, ಮಾರಾಯ್ರೆ, ಮುಗಿಯೋದೇ ಇಲ್ಲ ಅನ್ನಿಸಿತ್ತು. ಹಡಗಿನ ಒಳಗೆ ಹೊಕ್ಕಿದ್ದರೆ ಇದನ್ನು ಬರೀತಾ ಇರಲಿಲ್ಲ.

ಆಗಿದ್ದೇನಂದ್ರೆ, ಸಿಲಿಂಡರಿನ ಒತ್ತಡದ ಗಾಳಿ ಹಿಗ್ಗುವಾಗ ತುಂಬಾ ತಣ್ಣಗಾಗ್ತದೆ. ಸುತ್ತ ನೀರೂ ತಣ್ಣಗಿದ್ದರೆ ಫಸ್ಟ್ ಸ್ಟೇಜಿನಲ್ಲಿ, ಅಂದರೆ ರೆಗ್ಯುಲೇಟರಿನ ಸಿಲಿಂಡರಿಗೆ ಕೂರುವ ಭಾಗದಲ್ಲಿ, ಮಂಜುಗಡ್ಡೆ ಕಟ್ಟಿ ವಾಲ್ವ್ ತೆರೆದೇ ಉಳೀತದೆ. ಆಳ ಹೆಚ್ಚಿದಷ್ಟೂ, ಗಾಳಿ ಜೋರಾಗಿ ಎಳೆದಷ್ಟೂ ಅಪಾಯ ಜಾಸ್ತಿ. ಹಾಗಾಗಿ ಉಸಿರೆಳೀತಾ ಸೂಟಿಗೂ ಗಾಳಿ ತುಂಬಬೇಡಿ. ಒಳಗೆ ನೀರು ಹೋಗದ, ಸೀಲ್ ಮಾಡಿದ ಫಸ್ಟ್ ಸ್ಟೇಜ್ ತಗೊಳ್ಳಿ. ಬೇರೆ ಪುಟ್ಟ ಸಿಲಿಂಡರ್, ಅದಕ್ಕೆ ಬೇರೆಯೇ ರೆಗ್ಯುಲೇಟರ್ ಇರಲಿ.

ದೋಣಿಗೆ ಹತ್ತಿದ ಮೇಲೆ ನೋಡಿದೆ, ನನ್ನ ಫಸ್ಟ್ ಸ್ಟೇಜಿನ ಮೇಲೇ 10 ಡಿಗ್ರಿಗಿಂತ ಹೆಚ್ಚಿನ ನೀರಿಗೆ ಮಾತ್ರ ಅನ್ನೋ ಗುರುತು ಕೊರೆದಿದೆ! ಐದು ವರ್ಷದಿಂದ ಅದನ್ನು ತೊಳೆದು ಒರೆಸ್ತಾ ಇದ್ದೇನೆ, ಒಮ್ಮೆಯೂ ಓದಿರಲಿಲ್ಲ.

ಊರಿಗೆ ಬಂದು ಅಂಗಡಿಗೆ ಫೋನ್ ಮಾಡಿದೆ. "ತಣ್ಣೀರು ಅಂದ್ರೆ ಡಿಸೆಂಬರ್ ನೀರು ಅಂದ್ಕೊಂಡ್ವಿ ಸರ್" ಅಂದರು.