ಕನ್ನಡದ ಪಕ್ಕ ಕೂರುವ ಇಂಗ್ಲಿಷ್ ಅಕ್ಷರ: ಲಿಬ್ರೆ ಬಾಸ್ಕರ್‌ವಿಲ್

ದಾವಣಗೆರೆಯ ಮಂಡಿಪೇಟೆಯಲ್ಲಿ ಹದಿನೆಂಟು ವರ್ಷಗಳಿಂದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುತ್ತಿದ್ದೇನೆ. ಕನ್ನಡ ಪುಟದಲ್ಲಿ ಇಂಗ್ಲಿಷ್ ಪದ ಬಂದರೆ ಟೈಮ್ಸ್ ನ್ಯೂ ರೋಮನ್ ಎಂಬ ಫಾಂಟ್ (ಅಕ್ಷರ ವಿನ್ಯಾಸ) ಹಾಕಿಬಿಡುವುದು ನಮ್ಮಲ್ಲಿ ರೂಢಿ. ಈ ವರ್ಷ ಅದನ್ನು ಬಿಟ್ಟೆ. ನಿವೃತ್ತ ಸಸ್ಯಶಾಸ್ತ್ರದ ಮೇಷ್ಟರೊಬ್ಬರು ಚಿತ್ರದುರ್ಗದ ಜೋಗಿಮಟ್ಟಿಯ ಗಿಡಮರಗಳ ಬಗ್ಗೆ ಕಿರುಪುಸ್ತಕ ಬರೆದು ತಂದಿದ್ದರು. ಸಾಲುಸಾಲಿಗೂ ಲ್ಯಾಟಿನ್ ಹೆಸರು. ಟೈಮ್ಸ್ ಹಾಕಿದ್ದ ಮೊದಲ ಪ್ರೂಫ್ ನೋಡಿ, "ನೋಡಮ್ಮ, ನಮ್ಮ ಅಕ್ಷರ ಮೈತುಂಬಿಕೊಂಡಿವೆ, ಇವು ಉಪವಾಸ ಬಿದ್ದ ಹಾಗಿವೆ" ಎಂದರು. ನಿಜವೇ ಆಗಿತ್ತು.

ಆಗ ಇಳಿಸಿಕೊಂಡ ಫಾಂಟ್ ಲಿಬ್ರೆ ಬಾಸ್ಕರ್‌ವಿಲ್. ದುಡ್ಡು ಕೊಡಬೇಕಾಗಿಲ್ಲ, ಪುಸ್ತಕಕ್ಕೂ ಬಳಸಬಹುದು. ಮೂಲ ಅಕ್ಷರ ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾಸ್ಕರ್‌ವಿಲ್ ಅವರದು. ಚೆಂದದ ಬರವಣಿಗೆ ಕಲಿಸುತ್ತಿದ್ದ ಅವರು ಅಚ್ಚಿನ ಕೆಲಸಕ್ಕೆ ಇಳಿದು 1757ರಲ್ಲಿ ರೋಮನ್ ಕವಿ ವರ್ಜಿಲ್ ಕಾವ್ಯವನ್ನು ಮುದ್ರಿಸಿದರು. ಅವರ ಅಕ್ಷರದಲ್ಲಿ ಗೆರೆಯ ಸಣ್ಣ ಭಾಗ ಬಹಳ ನವಿರು. ಅದು ಕಾಗದದ ಮೇಲೆ ಕೆಡದಿರಲೆಂದು ಶಾಯಿಯನ್ನು ಇನ್ನಷ್ಟು ಕಪ್ಪಾಗಿಸಿದರು, ಅಚ್ಚಾದ ಹಾಳೆಗಳನ್ನು ಕಾದ ತಾಮ್ರದ ತಗಡುಗಳ ನಡುವೆ ಒತ್ತಿ ನುಣುಪು ಮಾಡಿದರು. ನಮ್ಮಪ್ಪ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಅಕ್ಷರ, ಶಾಯಿ, ಕಾಗದ ಮೂರೂ ಒಂದೇ ಕೆಲಸ ಎಂದು ಅವರೂ ಹೇಳುತ್ತಿದ್ದರು.

ನಮ್ಮ ಮ್ಯಾಪ್‌ಲಿಥೊ ಕಾಗದಕ್ಕೆ ಆ ಭಾಗ್ಯವಿಲ್ಲ. ಆದರೆ ಅಕ್ಷರ ವಿನ್ಯಾಸಕ ಪಾಬ್ಲೊ ಇಂಪಲ್ಲಾರಿ ಈ ಹೊಸ ರೂಪವನ್ನು ಕಂಪ್ಯೂಟರ್ ಪರದೆಯಲ್ಲಿ ಓದಲೆಂದೇ ಮಾಡಿದ್ದಾರೆ. ಅಚ್ಚಿನ ಮೊಳೆ ಎರಕ ಹೊಯ್ಯುತ್ತಿದ್ದ ಅಮೆರಿಕನ್ ಟೈಪ್ ಫೌಂಡರ್ಸ್‌ನ 1941ರ ಬಾಸ್ಕರ್‌ವಿಲ್ ಅದಕ್ಕೆ ಆಧಾರ. ಸಣ್ಣಕ್ಷರಗಳ ಹೊಟ್ಟೆ ದೊಡ್ಡದು, ನವಿರು ಗೆರೆ ತೀರಾ ತೆಳುವಲ್ಲ. ಪರದೆಗೆಂದು ಮಾಡಿದ ಈ ಗುಣವೇ ನಮ್ಮ ಆಫ್‌ಸೆಟ್‌ಗೂ ಒದಗಿತು. 13 ಪಾಯಿಂಟ್ (ಅಕ್ಷರ ಗಾತ್ರದ ಅಳತೆ) ಕನ್ನಡದ ಪಕ್ಕ ಟೈಮ್ಸ್ 12 ಬೇಕಿತ್ತು, ಇದಕ್ಕೆ 10 ಸಾಕಾಯಿತು. ಅಗಲವಾದ ದುಂಡು ಅಕ್ಷರಗಳು ನಮ್ಮ ದುಂಡಿಗೆ ಹೊಂದುತ್ತವೆ. 'ಮ್ಯಾಂಗೊ' ಪದದ ಜಿ ಅಕ್ಷರವನ್ನು ದೊಡ್ಡದು ಮಾಡಿ ನೋಡಿ: ಕೆಳಗಿನ ಕುಣಿಕೆ ಪೂರ್ತಿ ಮುಚ್ಚಿಕೊಳ್ಳದೆ, ಲೇಖನಿ ಎತ್ತಿದ ಹಾಗೆ ತೆರೆದೇ ಇದೆ.

ಕೊರತೆಯೂ ಇದೆ. ನಾನು ಇಳಿಸಿಕೊಂಡ ಕಟ್ಟಿನಲ್ಲಿ ಸಾದಾ, ಓರೆ, ದಪ್ಪ ಮೂರೇ ಇದ್ದವು. ಸಸ್ಯನಾಮ ಓರೆಯಲ್ಲೇ ಇರಬೇಕು. ಶೀರ್ಷಿಕೆಯಲ್ಲಿ ದಪ್ಪವೂ ಬೇಕೆಂದಾಗ ತಂತ್ರಾಂಶ ದಪ್ಪಕ್ಷರವನ್ನೇ ವಾಲಿಸಿಟ್ಟಿತು. ಗಾಳಿಗೆ ಬಾಗಿದ ಕಂಬದಂತಿತ್ತು, ತೆಗೆದುಹಾಕಿ ಬರೀ ಓರೆಯನ್ನು 14ಕ್ಕೆ ಏರಿಸಿದೆ. ಅಕ್ಷರ ಅಗಲವಾದ್ದರಿಂದ ಎರಡು ಕಾಲಂ ಪುಟದಲ್ಲಿ 'ಫೈಕಸ್ ಬೆಂಗಾಲೆನ್ಸಿಸ್' ಒಂದು ಸಾಲಿಗೆ ಹಿಡಿಯಲಿಲ್ಲ, ಒಂದೇ ಕಾಲಂ ಮಾಡಬೇಕಾಯಿತು. ಇಕ್ಕಟ್ಟಿನ ಪಟ್ಟಿ, ದರಪಟ್ಟಿಗಳಿಗೆ ಇದನ್ನು ನಾನು ಹಾಕುವುದಿಲ್ಲ. ಲಗ್ನಪತ್ರಿಕೆಗೆ, ಗದ್ಯದ ಪುಸ್ತಕಕ್ಕೆ ಧೈರ್ಯವಾಗಿ ಹಾಕುತ್ತೇನೆ.

ಕೊನೆಯ ಪ್ರೂಫ್‌ನಲ್ಲಿ ಮೇಷ್ಟರು ರಂಗೂನ್ ಮಲ್ಲಿಗೆಯ ಹಳೆಯ ಹೆಸರಾದ 'ಕ್ವಿಸ್ಕ್ವಾಲಿಸ್' ಮೇಲೆ ಬೆರಳಿಟ್ಟರು. ದೊಡ್ಡ ಕ್ಯೂ ಅಕ್ಷರದ ಬಾಲ ಮುಂದಿನ ಯು ಅಕ್ಷರದ ಕೆಳಕ್ಕೆ ಹರಿದಿತ್ತು. "ಇದು ನಮ್ಮ ಒತ್ತಕ್ಷರದ ಹಾಗೇ ಇದೆಯಲ್ಲಮ್ಮ" ಎಂದು ಸಹಿ ಹಾಕಿ ಕೊಟ್ಟರು.